ಗುಳ್ಳೆ ಎಣಿಸಿದ ಊರು

“ನಮ್ಮವ್ವಂಗೆ ಎಣ್ಸಕ್ಕೆ ಬರಲ್ಲ ಅಂತ ಇನ್ನೊಂದ್ಸಲ ಅನ್ನಿ ಮೇಡಂ, ನಿಮ್ ಮಿಸಿನ್ನ ಎತ್ಕೊಂಡೋಗಿ ತಿಪ್ಪೆಗೆ ಆಕ್ತೀನಿ!”

“ಬರುವುದಿಲ್ಲ ಅಂತ ನಾನು ಹೇಳಲಿಲ್ಲ ಮಾದೇಶ್. ಒಂದು ಗುಳ್ಳೆ ಬಿಟ್ಟಿದ್ದಾರೆ ಅಂದೆ. ಅಷ್ಟೇ.”

“ಅಷ್ಟೇಯಾ? ಎಂಟು ಜನ ಎಂಗಸ್ರೂ ಒಂದೊಂದೇ ಬುಟ್ರಾ? ಮಾತಾಡ್ಕೊಂಡು ಬುಟ್ರಾ? ಒಬ್ರು ಒಳಗಿದ್ದಾಗ ಇನ್ನೊಬ್ರನ್ನ ಬಾಗ್ಲತ್ರಕ್ಕೂ ಬುಡ್ಲಿಲ್ಲ ಕಣ್ರೀ ನೀವು!”

“ಹಾಗಾದರೆ ಅವರು ಸರಿಯಾಗೇ ಎಣಿಸಿದ್ದಾರೆ, ಬಾಂಬು ನಕಲಿ. ಹಾಗೇ ಬರೆದು ಕಳಿಸಲಾ? ನೀವೇ ಹೇಳಿ!”

ನಾನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡೆ. ಅಷ್ಟರಲ್ಲಿ ಮೂಲೆಯಲ್ಲಿ ಕುಳಿತಿದ್ದ, ಆ ಬಾಂಬಿನ ದೇಶದಿಂದ ಬಂದ ಕರ್ನಲ್ ಧಡಕ್ಕನೆ ಎದ್ದ. ಎದುರಿಗಿದ್ದ ಹಾಲಿನ ಕ್ಯಾನಿಗೆ ಮುಷ್ಟಿಯಿಂದ ಗುದ್ದಿ ಏನೋ ಕಿರುಚಿದ. ಅವನ ಕೊರಳಲ್ಲಿ ನೇತಾಡುತ್ತಿದ್ದ ತರ್ಜುಮೆ ಡಬ್ಬಿ ಒಂದು ಕ್ಷಣ ಯೋಚಿಸಿ, ರೇಡಿಯೋದಲ್ಲಿ ವಾರ್ತೆ ಓದುವವರ ದನಿಯಲ್ಲಿ ಹೇಳಿತು: “ಅದು ನಕಲಿಯಾಗಿರಲು ಸಾಧ್ಯವಿಲ್ಲ. ನಾನು ಅದನ್ನು ನನ್ನ ಯೌವನದಿಂದ ಕಾವಲು ಕಾಯ್ದಿದ್ದೇನೆ.”

ಬಿದರಕೊಪ್ಪಲಿನ ಹಾಲು ಉತ್ಪಾದಕರ ಸಂಘಕ್ಕೆ ನಾನು ಸೆಕ್ರೆಟರಿ. ಈ ಡೈರಿಯಲ್ಲಿ ಜಗಳಕ್ಕೆ ಬರವಿಲ್ಲ. ಫ್ಯಾಟು ಕಡಿಮೆ ಬಂತು ಅಂತ ದಿನಾ ಬೆಳಿಗ್ಗೆ ಒಬ್ಬರಾದರೂ ನನ್ನ ಅಂಗಿ ಹಿಡಿಯುತ್ತಾರೆ. ಆದರೆ ಅಣುಬಾಂಬಿಗಾಗಿ ಇಲ್ಲಿ ಜಗಳ ನಡೆಯುತ್ತದೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಅವನಿಗೆ ಮಜ್ಜಿಗೆ ಕುಡಿಸಿ ಮನೆಗೆ ಕಳಿಸುತ್ತಿದ್ದೆ.

ಇದೆಲ್ಲ ತಂದವಳು ನನ್ನ ಅಕ್ಕನ ಮಗಳು ಧನುಶ್ರೀ. ಒಂದು ಬೇಸಿಗೆಯಲ್ಲಿ ಬಾಂಬುಗಳು ಹಾರಿಯೇ ಬಿಡುತ್ತವೆ ಎಂಬ ಸುದ್ದಿ ಹಬ್ಬಿತ್ತಲ್ಲ, ಆಗ ಊರಿಗೆ ಊರೇ ನಿದ್ದೆಗೆಟ್ಟಿತ್ತು. ಬಾಂಬು ಹಾರಲಿಲ್ಲ. ದೊಡ್ಡವರು ಮರೆತು ಉಳುಮೆಗೆ ಹೋದೆವು. ಹೈಸ್ಕೂಲಿನ ಈ ಮಕ್ಕಳು ಮರೆಯಲಿಲ್ಲ. ‘ಶಾಂತಿ ಬಳಗ’ ಅಂತ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅಣ್ವಸ್ತ್ರ ಬೇಡ ಅಂತ ಕೂಗುವುದಕ್ಕೆ ಶುರುಮಾಡಿದರು. ನಾನು ರೇಗಿದ್ದೆ. “ಬಿದರಕೊಪ್ಪಲಲ್ಲಿ ಕೂಗುದ್ರೆ ಯಾರ್ಗಮ್ಮ ಕೇಳ್ತದೆ?” ಅಂದೆ. “ನಿಂಗೆ ಕೇಳ್ತಲ್ಲ ಮಾವ, ಇವತ್ತಿಗೆ ಅಷ್ಟು ಸಾಕು” ಅಂದಳು.

ಅದೇ ಕೂಗನ್ನು ಲೋಕದ ನೂರಾರು ಊರಿನ ಮಕ್ಕಳು ಕೂಗುತ್ತಿದ್ದರಂತೆ. ಕೂಗಿ ಕೂಗಿ ಕೊನೆಗೆ ಒಪ್ಪಂದವೊಂದು ಬಂತು. ದೇಶಗಳು ತಮ್ಮ ಬಾಂಬುಗಳನ್ನು ಒಂದೊಂದಾಗಿ ಕುಯ್ದು ಹಾಕಬೇಕು. ಆದರೆ ಕುಯ್ಯುವ ಮೊದಲು ಅದು ಅಸಲಿ ಬಾಂಬೇ, ಖಾಲಿ ಡಬ್ಬವೇ ಅಂತ ನೋಡುವವರು ಯಾರು? ವಿಜ್ಞಾನಿಗಳನ್ನು ದೇಶಗಳು ನಂಬುವುದಿಲ್ಲ. ಕಂಪ್ಯೂಟರನ್ನು ಯಾರೂ ನಂಬುವುದಿಲ್ಲ, ಅದಕ್ಕೆ ಸುಳ್ಳು ಹೇಳಿಕೊಡಬಹುದು. ಬಿಚ್ಚಿ ತೋರಿಸುವುದಕ್ಕೆ ಬಾಂಬಿನವರು ಒಪ್ಪುವುದಿಲ್ಲ, ಒಳಗಿನ ಗುಟ್ಟು ಹೋಗುತ್ತದೆ.

ಆಗ ಬಂತು ಗುಳ್ಳೆ ಕೊಳವೆ.

ಹೆಬ್ಬೆರಳು ದಪ್ಪದ ಗಾಜಿನ ಕೊಳವೆ. ಒಳಗೆ ತಣ್ಣಗಾದ ಗಂಜಿಯಂಥ ಜೆಲ್. ಅದರಲ್ಲಿ ಕಣ್ಣಿಗೆ ಕಾಣದ ಹನಿಗಳು. ಬಾಂಬಿನಿಂದ ಸದಾ ಹೊರಬೀಳುವ ನ್ಯೂಟ್ರಾನ್ ಎಂಬ ಕಣ ಒಂದು ಹನಿಗೆ ಬಡಿದರೆ, ಆ ಹನಿ ಸಾಸಿವೆ ಕಾಳಿನಷ್ಟು ಗುಳ್ಳೆಯಾಗಿ ಅಲ್ಲೇ ನಿಂತುಬಿಡುತ್ತದೆ. ಹಳೇ ಜೆಲ್‌ಗಳಲ್ಲಿ ಎಣಿಕೆ ಅಲ್ಲಿಷ್ಟು ಇಲ್ಲಿಷ್ಟು ತಪ್ಪುತ್ತಿತ್ತಂತೆ, ಈ ಹೊಸದರಲ್ಲಿ ಒಂದೂ ಆಚೀಚೆ ಆಗುವುದಿಲ್ಲ.

ಗುಟ್ಟು ಉಳಿಸುವ ಉಪಾಯವನ್ನು ಒಪ್ಪಂದದ ಸಾಕ್ಷಿ ಮಂಡಳಿಯಿಂದ ಬಂದ ಹೆಬ್ಬಾರ್ ಮೇಡಂ ಬೋರ್ಡಿನ ಮೇಲೆ ಗಂಟೆಗಟ್ಟಲೆ ಬರೆದರು. ನಮ್ಮೂರಿಗೆ ನಾನು ಎರಡೇ ಮಾತಿನಲ್ಲಿ ಹೇಳಿದೆ. ಸಾಲಾಗಿ ಕ್ಯಾನು ಇಟ್ಟಿದೆ ಅನ್ಕೊಳ್ಳಿ. ಒಂದೊಂದರಲ್ಲೂ ಬೇರೆ ಬೇರೆ ಅಳತೆಯಲ್ಲಿ ನಾನು ಮೊದಲೇ ಹಾಲು ಹಾಕಿ ಮುಚ್ಚಿದ್ದೇನೆ. ಆಮೇಲೆ ಒಂದೊಂದಕ್ಕೂ ಒಂದೊಂದು ಹಸು ಕರೆದು ತುಂಬಿದೆ. ಎಲ್ಲ ಕ್ಯಾನೂ ಕಂಠಮಟ್ಟ ಸಮ ಬಂದರೆ, ನನ್ನ ಹಸುಗಳು ನಾನು ಹೇಳಿದಷ್ಟೇ ಕೊಟ್ಟಿವೆ. ಆದರೆ ತುಂಬಿದ ಕ್ಯಾನು ನೋಡಿ ಯಾವುದರಲ್ಲಿ ಹಸುವಿನದೆಷ್ಟು ಅಂತ ಯಾವ ಮಗನೂ ಹೇಳಲಾರ. ಬಾಂಬೂ ಹಾಗೆ. ಕೊಳವೆಯಲ್ಲಿ ಬಾಂಬಿನವರು ಮೊದಲೇ ಗುಟ್ಟಾಗಿ ಹಾಕಿದ ಒಂದಿಷ್ಟು ಗುಳ್ಳೆ, ಮಿಕ್ಕಿದ್ದು ಬಾಂಬಿನ ಸುತ್ತ ಇಟ್ಟಾಗ ಎದ್ದದ್ದು. ಯಾವ ಕೊಳವೆಯ ಕಂತೆ ಯಾವ ಬಾಂಬಿಗೆ ಅಂತ ಹೊರಗಿನವರು ಚೀಟಿ ಎತ್ತುತ್ತಾರೆ, ಮೋಸಕ್ಕೆ ದಾರಿಯಿಲ್ಲ. ಬಾಂಬು ಅಸಲಿಯಾದರೆ ಪ್ರತಿ ಕೊಳವೆಯಲ್ಲೂ ನಲವತ್ತು. ಏರುಪೇರು ಬಂದರೆ ನಕಲಿ.

ಎಣಿಸುವುದು ಮಾತ್ರ ಮನುಷ್ಯರ ಕಣ್ಣು, ಮನುಷ್ಯರ ಬಾಯಿ. ಅದೂ ಮೂರು ದೇಶದ ಮೂರು ಹಳ್ಳಿ, ಬಾಂಬು ತನ್ನ ದೇಶದಲ್ಲೇ ಉಳಿದು ಕೊಳವೆಗಳಷ್ಟೇ ಅಲ್ಲಿಗೆ ಬರುತ್ತವೆ. ಕೊಳವೆ ಬೆಚ್ಚಗಾದರೆ ಗುಳ್ಳೆ ಒಡೆಯುವುದರಿಂದ ತಣ್ಣನೆ ಕೋಣೆ ಇರುವ ಹಳ್ಳಿಯೇ ಆಗಬೇಕು. ಧನು ಬಳಗದವರು ನನ್ನ ಡೈರಿಯ ಶೈತ್ಯಕೋಣೆಯನ್ನು ನನ್ನನ್ನು ಕೇಳದೇ ಬರೆದು ಕಳಿಸಿದ್ದರು. ಬೈದೆ. ಆಮೇಲೆ ಕೋಣೆ ತೊಳೆಸಿದೆ. ಪಂಚಾಯಿತಿ ಜನರೇಟರು ಕೊಟ್ಟಿತು, ಶಾಲೆಯವರು ಭೂತಗನ್ನಡಿ ಕೊಟ್ಟರು, ಸ್ತ್ರೀಶಕ್ತಿ ಸಂಘದವರು ಕಂಬಳಿ ಹೊಲಿದರು. ಹದಿನಾರು ಕೊಳವೆಗೆ ಹದಿನಾರು ಜನ: ಎಂಟು ಮಕ್ಕಳು, ಅರವತ್ತು ದಾಟಿದ ಎಂಟು ಹೆಂಗಸರು. ಅರ್ಧ ಹಿರಿಯರು ಇರಲೇಬೇಕು ಎಂಬ ನಿಯಮವನ್ನು ಈ ಮಕ್ಕಳೇ ಹಟ ಹಿಡಿದು ಒಪ್ಪಂದದಲ್ಲಿ ಸೇರಿಸಿದ್ದರು. ಬರೀ ಮಕ್ಕಳ ಮಾತಾದರೆ ಆಟ ಅನ್ನುತ್ತಾರೆ, ಬರೀ ಮುದುಕರದಾದರೆ ಅರಳುಮರುಳು ಅನ್ನುತ್ತಾರೆ, ಇಬ್ಬರೂ ಹೇಳಿದರೆ ಅದು ಊರಿನ ಮಾತು. ಇದು ಧನು ಹೇಳಿದ್ದು. ನನಗೆ ಇಷ್ಟವಾಗಿತ್ತು, ಹೇಳಿರಲಿಲ್ಲ.

ಆ ದಿನ ಬೆಳಿಗ್ಗೆ ಒಬ್ಬೊಬ್ಬರೇ ಒಳಗೆ ಹೋದರು. ದೀಪದ ಮುಂದೆ ಕೊಳವೆ, ಕೈಯಲ್ಲಿ ಸೂಜಿ. ಒಂದು ಗುಳ್ಳೆಗೆ ಸೂಜಿ ತೋರಿಸುವುದು, ಒಂದು ಸಲ ಕೂಗುವುದು. ಕೂಗು ತಂತಿಯ ಮೇಲೆ ಹೊರಗಿನ ಕೇಳುವ ಯಂತ್ರಕ್ಕೆ ಹೋಗುತ್ತದೆ. ಯಂತ್ರ ಕೊನೆಯ ಸಂಖ್ಯೆಯನ್ನು ನಂಬುವುದಿಲ್ಲ. ಎಷ್ಟು ಸಲ ಸಂಖ್ಯೆ ಕೂಗಿದರು ಅಂತಷ್ಟೇ ನೋಡುತ್ತದೆ, ನಡುವೆ ಹಾರಿಸಿದರೆ ಸಿಕ್ಕಿಬೀಳಲಿ ಅಂತ. ಮಿಕ್ಕ ಮಾತನ್ನು ಬಿಟ್ಟುಬಿಡುತ್ತದೆ. ಬಿಡದಿದ್ದರೆ ನಮ್ಮ ಹೆಂಗಸರ “ಅಯ್ಯಪ್ಪಾ ಚಳಿ”, “ಇದ್ಯಾವ ಸೀಮೆ ಕೆಲ್ಸ” ಎಲ್ಲ ಬಾಂಬಿನ ಲೆಕ್ಕಕ್ಕೆ ಸೇರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಯಂತ್ರದ ಫಲಿತಾಂಶ ಬಂತು. ಮಕ್ಕಳ ಎಂಟೂ ನಲವತ್ತು. ಹೆಂಗಸರ ಎಂಟೂ ಮೂವತ್ತೊಂಬತ್ತು.

ಅಲ್ಲಿಂದ ಜಗಳ.

“ನನ್ಗೂ ನಲವತ್ತೇ ಬಂದಿದ್ದು” ಅಂತ ನಮ್ಮವ್ವ ಚಿಕ್ಕತಾಯಮ್ಮ ಒಂದೇ ಸಮನೆ ಹೇಳುತ್ತಿದ್ದಳು. “ಕೊನೇದ್ಕೆ ನಲವತ್ತು ಅಂತ್ಲೇ ಕೂಗಿವ್ನಿ. ಬೇಕಾದ್ರೆ ಆಣೆ ಮಾಡ್ತೀನಿ.”

“ಕೊನೆಗೆ ನಲವತ್ತು ಅಂದಿದ್ದೀರಿ ಅಜ್ಜಿ, ಆದರೆ ಕೂಗಿದ್ದು ಮೂವತ್ತೊಂಬತ್ತೇ ಸಲ. ನಡುವೆ ಒಂದನ್ನು ಹಾರಿಸಿದ್ದೀರಿ” ಅಂದರು ಹೆಬ್ಬಾರ್ ಮೇಡಂ. ಅವರು ಕೆಟ್ಟವರಲ್ಲ, ಆದರೆ ನಿಯಮವನ್ನೇ ಮದುವೆಯಾದ ಹೆಂಗಸು.

“ದನಿ ಹಿಡಿದಿಟ್ಟಿರ್ತದಲ್ಲ ಮೇಡಂ, ಕೇಳೋಣ” ಅಂದಳು ಧನು.

“ಅದಕ್ಕೆ ಮೊಹರು ಬಿದ್ದಿದೆ. ವ್ಯಾಜ್ಯದ ಪೀಠ ಮಾತ್ರ ತೆರೆಯಬಹುದು. ಅದಕ್ಕೆ ತಿಂಗಳುಗಳು ಬೇಕು. ಸೂರ್ಯ ಮುಳುಗುವುದರೊಳಗೆ ನಾನು ವರದಿ ಕಳಿಸಲೇಬೇಕು. ಸಮನಿಲ್ಲ ಅಂತ ಹೋದರೆ ಆ ದೇಶ ತನ್ನನ್ನು ಕಳ್ಳ ಅಂದರು ಅಂತ ಒಪ್ಪಂದದಿಂದ ಹೊರಗೆ ಹೋಗುತ್ತದೆ. ಅದರ ಹಿಂದೆ ಮಿಕ್ಕವರೂ.” ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ಒಂದು ಸಲ ಮರುಎಣಿಕೆಗೆ ಅವಕಾಶ ಇದೆ. ಈ ಎಂಟು ಜನ ಎಣಿಸಲು ಯೋಗ್ಯರಲ್ಲ ಅಂತ ಊರು ಬರೆದುಕೊಡಲಿ. ಅವರ ಕೊಳವೆಗಳನ್ನೂ ಮಕ್ಕಳೇ ಎಣಿಸಲಿ. ಮುಗಿದುಹೋಗುತ್ತದೆ.”

ಸುಲಭದ ದಾರಿ. ನನಗೇ ಒಂದು ಗಳಿಗೆ ಸರಿ ಅನ್ನಿಸಿತು. ಧನು ಮೇಜಿನ ಮೇಲೆ ಎರಡೂ ಕೈಯೂರಿ ನಿಂತಳು.

“ಬರ್ಕೊಡಲ್ಲ.”

“ಧನುಶ್ರೀ, ಯೋಚನೆ ಮಾಡು.”

“ಮಾಡಿದೀನಿ ಮೇಡಂ. ನಮ್ಮೂರು ತನ್ನ ಅಜ್ಜೀರು ಯೋಗ್ಯರಲ್ಲ ಅಂತ ಇವತ್ತು ಬರ್ಕೊಟ್ರೆ, ನಾಳೆ ಬಾಂಬಿನೋರು ಎಲ್ಲಾ ಊರಿನ ಮೇಲೂ ಅದೇ ಮಾತು ಹೇಳ್ತಾರೆ. ಹಳ್ಳಿಯೋರಿಗೆ ಎಣ್ಸಕ್ಕೆ ಬರಲ್ಲ, ಸೈನ್ಯದೋರೇ ಎಣಿಸ್ಕೋತಾರೆ ಬಿಡಿ ಅಂತಾರೆ. ಆಮೇಲೆ ಈ ಕೋಣೆ ಬರೀ ಹಾಲಿಗೇ.”

“ಹಾಗಾದರೆ ಸಂಜೆಯೊಳಗೆ ತಪ್ಪು ಎಲ್ಲಾಯಿತು ಅಂತ ತೋರಿಸು. ತೋರಿಸಿದರೆ ಮಿಕ್ಕ ಎರಡು ಊರನ್ನು ಕೇಳಿ ಇದೇ ಹೆಂಗಸರಿಂದ ಮರುಎಣಿಕೆ ಮಾಡಿಸುತ್ತೇನೆ. ತೋರಿಸದಿದ್ದರೆ ವರದಿ ಕಳಿಸುತ್ತೇನೆ.”

ಕರ್ನಲ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಅವನ ದೇಶದ ಹೆಸರು ಹೇಳಬಾರದೆಂದು ನಮ್ಮಿಂದ ಸಹಿ ಹಾಕಿಸಿಕೊಂಡಿದ್ದಾರೆ, ಹೇಳುವುದಿಲ್ಲ. ಧನು ಹೊರಗೆ ಹೋಗುವಾಗ ಅವನು ಅವಳನ್ನು ತಡೆದು ಮೆಲ್ಲಗೆ ಏನೋ ಕೇಳಿದ. ಡಬ್ಬಿ ಹೇಳಿತು: “ಕುಮಾರಿಯೇ, ಒಂದು ವೇಳೆ ಅದು ನಕಲಿಯಾಗಿದ್ದರೆ? ನನ್ನ ಮೇಲಧಿಕಾರಿಗಳು ನನಗೆ ಖಾಲಿ ಪೆಟ್ಟಿಗೆಯನ್ನು ಕಾಯಲು ಕೊಟ್ಟಿದ್ದರೆ?”

ಧನು ಅವನ ಮುಖ ನೋಡಿದಳು. “ಅಂಕಲ್, ಅದು ಅಸಲಿ ಅಂತ ನಿಮಗಿಂತ ನನಗೇ ಹೆಚ್ಚು ಆಸೆ ಇದೆ” ಅಂದಳು. “ಖಾಲಿ ಪೆಟ್ಟಿಗೆ ಕುಯ್ದು ನಾನೇನು ಮಾಡ್ಲಿ?”

ಮನೆಗೆ ಹೋದೆವು. ನನ್ನ ತಲೆ ಕಾದ ಬಾಣಲೆಯಾಗಿತ್ತು. ಅಕ್ಕ ಮುದ್ದೆ ಬಡಿಸಿದಳು, ನಾನು ತಟ್ಟೆ ತಳ್ಳಿದೆ. ಧನು ಜಗಲಿಯ ಮೇಲೆ ಕೂತು ಕಡ್ಲೆಕಾಯಿ ಚೆಲ್ಲಿಕೊಂಡು, ಒಂದೊಂದನ್ನೂ ಸೂಜಿಯಿಂದ ತೋರಿಸುತ್ತ ಎಣಿಸಿದಳು. ಕಣ್ಣು ಮುಚ್ಚಿ ಎಣಿಸಿದಳು. ಎಲ್ಲೂ ಒಂದೂ ತಪ್ಪಲಿಲ್ಲ.

“ಅಜ್ಜಿ, ನೀನೂ ಎಣಿಸು.”

“ಓಗಮ್ಮಿ. ನಂಗೆ ಎಣ್ಸಕ್ಕೆ ಬರಲ್ವಂತಲ್ಲ.” ಅವ್ವನಿಗೆ ಸಿಟ್ಟು ಬಂದರೆ ಮನೆಯಲ್ಲಿ ಕೆಲಸ ಜಾಸ್ತಿಯಾಗುತ್ತದೆ. ಮಿಲ್ಲಿಗೆ ರಾಗಿ ಕಳಿಸಬೇಕು ಅಂತ ಚೀಲ ಬಿಚ್ಚಿ, ಸೇರು ಹಿಡಿದು ನೆಲಕ್ಕೆ ಕುಕ್ಕರಿಸಿದಳು. ಸಿಟ್ಟಿನಲ್ಲೇ ರಾಗಿ ಮೊಗೆದು ಮೊರಕ್ಕೆ ಸುರಿಯತೊಡಗಿದಳು. “ಲಾಭ. ಎರಡು. ಮೂರು. ನಾಕು...”

ಧನು ಕೈಯ ಸೂಜಿ ಕೆಳಗೆ ಬಿತ್ತು.

“ಅಜ್ಜಿ. ಮೊದಲನೇದಕ್ಕೆ ಏನಂದೆ?”

“ಏನಂದೆ? ಲಾಭ ಅಂದೆ. ಇನ್ನೇನಂತಾರೆ?”

“ಒಂದು ಅನ್ನಲ್ವಾ?”

“ಒಂದು ಅಂತ ಯಾವೋನಾದ್ರೂ ಶುರು ಮಾಡ್ತಾನಾ? ಒಂದು ಅಂದ್ರೆ ರಾಸಿ ಒಂದ್ರಲ್ಲೇ ನಿಂತೋಯ್ತದೆ. ಲಾಭ ಅಂದ್ರೆ ಎಚ್ತದೆ. ನಿಮ್ ಇಸ್ಕೂಲಲ್ಲಿ ಇಷ್ಟೂ ಏಳ್ಕೊಡಾಕಿಲ್ವಾ?”

“ಬೆಳಿಗ್ಗೆ ಡೈರೀಲಿ? ಗುಳ್ಳೆಗೂ ಲಾಭ ಅಂತಾನೇ ಅಂದ್ಯಾ?”

“ಊ ಕಣ. ಎಣಿಸು ಅಂದ್ರು, ಎಣ್ಸುದ್ವಿ. ನಾವೆಲ್ಲಾ ಅಂಗೇ ಅಲ್ವಾ ಎಣ್ಸೋದು?”

ಧನು ಕಿರುಚಿದಳು. ಸಂತೋಷಕ್ಕೆ ಹಾಗೆ ಕಿರುಚಿದ್ದನ್ನು ನಾನು ಕೇಳಿರಲಿಲ್ಲ, ಹಿತ್ತಲಿನ ಕೋಳಿಗಳೆಲ್ಲ ಹಾರಿದವು. “ಮಾವಾ! ಯಂತ್ರಕ್ಕೆ ಲಾಭ ಸಂಖ್ಯೆಯಲ್ಲ ಮಾವಾ! ಚಳಿ, ಅಯ್ಯಪ್ಪಾ ಅನ್ನೋದರ ಜೊತೆ ಅದನ್ನೂ ಬಿಟ್ಟುಬಿಟ್ಟಿದೆ! ಎಂಟೂ ಜನ ಮೊದಲನೇ ಗುಳ್ಳೆಗೆ ಲಾಭ ಅಂದಿದಾರೆ!”

ನನಗೆ ಅರ್ಥವಾಗುವಷ್ಟರಲ್ಲಿ ನಾನು ಕುಣಿಯುತ್ತಿದ್ದೆ. ಆ ದರಿದ್ರ ಯಂತ್ರಕ್ಕೆ ವಾರ್ತೆಯ ಕನ್ನಡ ಕಲಿಸಿದ್ದರು, ರಾಗಿ ಕಣದ ಕನ್ನಡ ಕಲಿಸಿರಲಿಲ್ಲ. ನಾನೂ ಅದೇ ಕಣದಲ್ಲಿ ಹುಟ್ಟಿದವನು, ಅದೇ ಲಾಭ ಕೇಳಿ ಬೆಳೆದವನು, ಕಿವಿಯ ಪಕ್ಕದಲ್ಲೇ ಇದ್ದದ್ದು ನನಗೂ ಹೊಳೆಯಲಿಲ್ಲ.

ಅವ್ವ ಮಾತ್ರ ಸೇರು ಹಿಡಿದವಳು ಹಾಗೇ ಕುಳಿತಿದ್ದಳು.

“ಲೇ ಮಾದೇಶ. ಆ ಗುಳ್ಳೆ ಬಾಂಬಿಂದಲ್ವೇನ್ಲಾ?”

“ಊ ಕಣವ್ವ.”

“ಅಯ್ಯೋ ನನ್ ಬಾಯಿಗೆ ಮಣ್ಣಾಕ! ಬಾಂಬು ಎಚ್ಲಿ ಅಂತ ಅಂದ್ಬುಟ್ನಲ್ಲೋ!” ಸೇರು ಎಸೆದು ಎದ್ದಳು. “ನಡೀರಿ, ನಡೀರಿ. ಈಗ್ಲೇ ಒಂದು ಅನ್ಬೇಕು. ಅದು ಒಂದ್ರಲ್ಲೇ ಇಂಗೋಗ್ಲಿ!”

ಮೂವರೂ ಡೈರಿಗೆ ಓಡಿದೆವು. ಅವ್ವ ನಮಗಿಂತ ಮುಂದಿದ್ದಳು. ದಾರಿಯುದ್ದಕ್ಕೂ ಮಿಕ್ಕ ಏಳು ಜನರನ್ನು ಮನೆ ಮನೆಯಿಂದ ಕೂಗಿ ಎಬ್ಬಿಸಿದಳು. ಹೆಬ್ಬಾರ್ ಮೇಡಂ ವರದಿಯ ಮುಂದೆ ಕುಳಿತಿದ್ದರು. ಧನು ಏದುಸಿರಿನಲ್ಲಿ ಹೇಳಿದ್ದನ್ನು ಕೇಳಿ ಮೊದಲು ನಂಬಲಿಲ್ಲ. ನಮ್ಮ ಪಶು ಆಹಾರದ ಗೋದಾಮಿನಿಂದ ಹಿಂಡಿ ತರಿಸಿ, ಎಂಟೂ ಜನರನ್ನು ಬೇರೆ ಬೇರೆ ನಿಲ್ಲಿಸಿ ಅಳೆಯಲು ಹೇಳಿದರು. ಎಂಟು ಬಾಯಿಯಿಂದಲೂ ಲಾಭವೇ ಬಂತು. ಎಂಟನೆಯದಕ್ಕೆ ಮೇಡಂ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

“ನಾನು ಪ್ಯಾಕೆಟ್ ಅಕ್ಕಿಯಲ್ಲಿ ಬೆಳೆದವಳು ಮಾದೇಶ್. ನನಗೆ ಇದು ಗೊತ್ತೇ ಇರಲಿಲ್ಲ.”

“ಮಿಸಿನ್ನೂ ಪ್ಯಾಕೆಟ್ ಅಕ್ಕೀದೇಯ ಮೇಡಂ” ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

ಮಿಕ್ಕ ಎರಡು ಊರುಗಳು ಪರದೆಯ ಮೇಲೆ ಬಂದವು. ಒಂದು ಹುಲ್ಲುಗಾವಲಿನ ಊರು, ಉಣ್ಣೆ ಟೊಪ್ಪಿಯ ಮುದುಕರು. ಇನ್ನೊಂದು ಸಮುದ್ರದ ನಡುವಿನ ದ್ವೀಪ, ಅಲ್ಲಿ ಧನು ವಯಸ್ಸಿನ ಒಬ್ಬ ಹುಡುಗಿ. ಎರಡೂ ಕಡೆ ಹಿಂದೊಮ್ಮೆ ಬಾಂಬು ಸಿಡಿಸಿ ಪರೀಕ್ಷೆ ಮಾಡಿದ್ದರಂತೆ, ಅವರಿಗೆ ಇದು ಕಥೆಯಲ್ಲ. ಧನು ಹೇಳಿದಳು. ಸೇರು ಹಿಡಿದು ಅವ್ವ ತೋರಿಸಿದಳು. ಟೊಪ್ಪಿಯ ಮುದುಕನೊಬ್ಬ ಹೊಟ್ಟೆ ಹಿಡಿದು ನಕ್ಕು ಒಪ್ಪಿಗೆಗೆ ಕೈಯೆತ್ತಿದ. ದ್ವೀಪದ ಹುಡುಗಿ ನಗಲಿಲ್ಲ. “ನಿಮ್ಮ ಅಜ್ಜಿಯರೇ ಎಣಿಸಲಿ. ಬೇರೆಯವರು ಬೇಡ” ಅಂದಳು.

ಕಿಟಕಿಯಲ್ಲಿ ಬಿಸಿಲು ಕೆಂಪಗಾಗುತ್ತಿತ್ತು. ಮರುಎಣಿಕೆ ಒಂದೇ ಸಲ. ಒಬ್ಬರು ನಾಲಗೆ ತಪ್ಪಿ ಲಾಭ ಅಂದರೂ ಮುಗಿಯಿತು. ಬದುಕೆಲ್ಲ ಲಾಭ ಅಂದ ನಾಲಗೆಗಳು!

ಹೆಬ್ಬಾರ್ ಮೇಡಂ ನನ್ನ ಕಡೆ ಬೆರಳು ತೋರಿಸಿದರು. “ಗೋಡೆಯಾಚೆ ನಿಮ್ಮ ದನಿ ಕೇಳಿಸಿದರೂ ಎಣಿಕೆ ರದ್ದು.” ನಾನು ಟವೆಲನ್ನು ಬಾಯಿಗೆ ತುರುಕಿಕೊಂಡೆ. ಊರೆಲ್ಲ ಡೈರಿಯ ಮುಂದೆ ನಿಂತಿತ್ತು, ಮಗು ಅತ್ತರೆ ಕೈಗೆ ಸಿಕ್ಕವರು ಎತ್ತಿಕೊಂಡು ದೂರ ಓಡುತ್ತಿದ್ದರು. ಒಳಗಿನ ದನಿ ಈ ಸಲ ಸ್ಪೀಕರಿನಲ್ಲಿ ಹೊರಗೂ ಬರುತ್ತಿತ್ತು, ಮೂರು ಊರಿಗೂ ಕೇಳಲಿ ಅಂತ.

ಮೊದಲು ಅವ್ವ. ಚಳಿಗೆ ಹಲ್ಲು ಕಟಕಟ ಅನ್ನುವುದು ಕೇಳಿಸಿತು. ಆಮೇಲೆ, ಯಾರನ್ನೋ ಶಪಿಸುವ ಹಾಗೆ: “ಒಂದು!”

ಜನ ಉಸಿರು ಬಿಟ್ಟರು. ಅವ್ವ ನಲವತ್ತು ಮುಟ್ಟಿ ಹೊರಬಂದಳು. ಎರಡನೆಯವಳು ಬಂದಳು, ಮೂರನೆಯವಳು ಬಂದಳು. ಒಬ್ಬೊಬ್ಬರು ಒಳಗೆ ಹೋಗುವಾಗಲೂ ಧನು ಅವರ ಕಂಬಳಿ ಸರಿಮಾಡಿ ಕಿವಿಯಲ್ಲಿ ಹೇಳುತ್ತಿದ್ದಳು, “ರಾಗಿ ಅಲ್ಲ ಅಜ್ಜಿ, ಬಾಂಬು. ರಾಗಿ ಅಲ್ಲ.”

ಕೊನೆಯವಳು ದೊಡ್ಡಮ್ಮಣ್ಣಿ. ಊರಲ್ಲಿ ಅತಿ ದೊಡ್ಡ ರಾಶಿ ಅಳೆದ ಹೆಂಗಸು. ಒಳಗೆ ಹೋದಳು. ಸೂಜಿ ಗಾಜಿಗೆ ತಗುಲಿದ ಸದ್ದು.

“ಲಾ...”

ನಾನು ಟವೆಲು ಕಚ್ಚಿದೆ. ಹೆಬ್ಬಾರ್ ಮೇಡಂ ಕಣ್ಣು ಮುಚ್ಚಿದರು. ಕರ್ನಲ್ ಗೋಡೆಗೆ ಒರಗಿದ. ಧನು ಬಾಗಿಲಿಗೆ ಹಣೆ ಒತ್ತಿ ನಿಂತಿದ್ದಳು.

“ಲಾ... ಲೇ, ಇದೇನ್ ಚಳಿಯಪ್ಪೋ!” ಅಂದಳು ದೊಡ್ಡಮ್ಮಣ್ಣಿ. ಒಂದು ಸಲ ಗಂಟಲು ಕೆಮ್ಮಿದಳು. “ಒಂದು. ಎರಡು. ಮೂರು...”

ಆಮೇಲೆ ಅವಳು ನಿಲ್ಲಲಿಲ್ಲ. ಮೂವತ್ತು ದಾಟುವಾಗ ಜನ ಅವಳ ಜೊತೆ ತುಟಿಯಲ್ಲೇ ಎಣಿಸುತ್ತಿದ್ದರು. ನಲವತ್ತು ಬಂದಾಗ ಯಾರೂ ಕೂಗಲಿಲ್ಲ, ಬಾಗಿಲು ತೆರೆದು ದೊಡ್ಡಮ್ಮಣ್ಣಿ ಮೂಗು ಒರೆಸಿಕೊಂಡು ಹೊರಬರುವವರೆಗೂ ಕಾದರು. ಯಂತ್ರ ಹದಿನಾರು ಸಾಲು ತೋರಿಸಿತು. ಎಲ್ಲ ಸಮ. ಹುಲ್ಲುಗಾವಲಿನದು ಸಮ. ದ್ವೀಪದ್ದು ಸಮ.

ಆಗ ನೋಡಬೇಕಿತ್ತು ಬಿದರಕೊಪ್ಪಲನ್ನು! ನಾನು ಟವೆಲು ಕಿತ್ತೆಸೆದು ಕೂಗಿದ ಕೂಗಿಗೆ ಆಮೇಲೆ ಮೂರು ದಿನ ದನಿ ಹೊರಡಲಿಲ್ಲ. ತಮಟೆ ಬಂತು. ಹೆಬ್ಬಾರ್ ಮೇಡಂ ಸೆರಗು ಬಿಗಿದು ಸ್ತ್ರೀಶಕ್ತಿ ಸಂಘದವರ ಕೈ ಹಿಡಿದು ಕುಣಿದರು, ನಿಯಮ ಗಿಯಮ ಎಲ್ಲ ಎಲ್ಲಿತ್ತೋ. ಧನು ನನ್ನ ಕೊರಳು ತಬ್ಬಿಕೊಂಡು ಅಳುತ್ತಿದ್ದಳು. “ಕೇಳ್ತು ಕಣಮ್ಮಿ, ಎಲ್ಲಾರ್ಗೂ ಕೇಳ್ತು” ಅಂದೆ. ನನಗೂ ಕಣ್ಣಲ್ಲಿ ನೀರು ಬಂತು, ಯಾರು ಏನಂದುಕೊಂಡರೆ ನನಗೇನು.

ಎಲ್ಲರಿಗಿಂತ ಹೆಚ್ಚು ಕುಣಿದವನು ಕರ್ನಲ್. ಟೊಪ್ಪಿ ಮೇಲಕ್ಕೆ ಎಸೆದ. ಅವ್ವನ ಎರಡೂ ಕೈ ಹಿಡಿದು ಕುಲುಕಿದ. “ನಿಜ! ಅದು ನೈಜವಾದುದು! ನಾನು ಮೂರ್ಖನಲ್ಲ!” ಅಂತ ಡಬ್ಬಿ ಕೂಗುತ್ತಲೇ ಇತ್ತು. ಅವ್ವ ಅವನ ಬೆನ್ನು ತಟ್ಟಿ, “ಬುಡಪ್ಪ, ನೀನು ಗಟ್ಟಿಗ ಕಣ” ಅಂದಳು.

ಆಗಲೇ ಪರದೆಯ ಮೇಲೆ ಅವನ ದೇಶದ ಕಾರ್ಖಾನೆ ಬಂತು. ಮೂರು ಊರೂ ಒಪ್ಪಿದ ಕೂಡಲೇ ಕುಯ್ಯಬೇಕು ಎಂಬುದು ಒಪ್ಪಂದ. ಬಾಂಬು ಕಾಣಲಿಲ್ಲ, ಮುಚ್ಚಿದ ಕಬ್ಬಿಣದ ಕೋಣೆ, ಒಳಗೆ ಗರಗಸದ ಸದ್ದು. ಜನ ಚಪ್ಪಾಳೆ ತಟ್ಟಿದರು. ಮಕ್ಕಳು ಸದ್ದಿಗೆ ತಾಳ ಹಾಕಿದರು.

ಕರ್ನಲ್ ಚಪ್ಪಾಳೆ ತಟ್ಟಲು ಕೈ ಎತ್ತಿದವನು ಹಾಗೇ ನಿಂತ. ಸದ್ದು ಮುಗಿಯುವವರೆಗೂ ಅಲುಗಾಡಲಿಲ್ಲ. ಮುಗಿದ ಮೇಲೆ ಧನುವಿನ ಹತ್ತಿರ ಬಂದ.

“ಅಸಲಿಯಾಗಿತ್ತು ಅಲ್ಲವೇ?” ಅಂತ ಕೇಳಿದ.

“ಹೌದು ಅಂಕಲ್” ಅಂದಳು ಧನು. “ಆಗಿತ್ತು.”

ಅವನು ತಲೆಯಾಡಿಸಿದ. “ಹಾಗಾದರೆ ನನ್ನ ಕಾವಲು ಮುಗಿಯಿತು” ಅಂದಿತು ಡಬ್ಬಿ. ಧನುವಿಗೆ ಒಂದು ಸಲ್ಯೂಟ್ ಹೊಡೆದ. ಆಮೇಲೆ ಜನರ ನಡುವೆ ದಾರಿ ಮಾಡಿಕೊಂಡು ಡೈರಿಯ ಬಾಗಿಲು ದಾಟಿ ಹೊರಟ. ಬಾಗಿಲಲ್ಲಿ ಅವನ ಕಾರು ನಿಂತಿತ್ತು, ಡ್ರೈವರ್ ಬಾಗಿಲು ತೆರೆದು ಹಿಡಿದಿದ್ದ. ಕರ್ನಲ್ ಅದರ ಪಕ್ಕದಲ್ಲೇ ನಡೆದು ನಾಲೆಯ ಏರಿಗೆ ಹತ್ತಿದ. “ಊಟ ಮಾಡ್ಕೊಂಡೋಗಿ ಸಾಯೇಬ್ರೇ!” ಅಂತ ನಾನು ಕೂಗಿದೆ. ಅವನು ತಿರುಗಲಿಲ್ಲ. ಏರಿಯ ಮೇಲೆ ಕೈ ಬೀಸಿಕೊಂಡು, ರಜೆ ಸಿಕ್ಕಿದವನ ಹಾಗೆ ನಡೆದು ಹೋದ.

ಡ್ರೈವರ್ ಸ್ವಲ್ಪ ಹೊತ್ತು ಕಾದ, ಹಾರ್ನ್ ಹೊಡೆದ, ಬಾಗಿಲು ತೆರೆದಿಟ್ಟುಕೊಂಡೇ ಕುಳಿತ. ನಾವು ಕೊನೆಯ ಪಂಕ್ತಿ ಬಡಿಸಿ ಎತ್ತಿದೆವು. ಕರ್ನಲ್ ವಾಪಸ್ ಬರಲಿಲ್ಲ.